ಅಲಗಿಗೆ ಸಿಗದ ಗಿಡ

ಹಿತ್ತಿಲಿನ ಹುಲ್ಲುಹಾಸನ್ನು ಅಪ್ಪ ಎಷ್ಟು ಸಲ ಕತ್ತರಿಸಿದರೂ ನಡುವೆ ಒಂದಿಷ್ಟು ಜಾಗ ಹಾಗೇ ಉಳಿಯುತ್ತಿತ್ತು. ಕತ್ತರಿಸುವ ಯಂತ್ರ ಅಲ್ಲಿಗೆ ಬರುವ ಹೊತ್ತಿಗೆ ಹುಲ್ಲು ನೆಲಕ್ಕೆ ಒರಗಿರುತ್ತಿತ್ತು. ಅಲಗು ಅದರ ಮೇಲಿಂದಲೇ ಹಾದುಹೋಗುತ್ತಿತ್ತು. ಸಂಜೆಗೆ ಅದೇ ಹುಲ್ಲು ಎದ್ದು ನಿಂತರೆ, ಮೊಣಕಾಲು ಮಡಚಿ ಮಗ್ಗುಲಾಗಿ ಮಲಗಿದ ಹುಡುಗಿಯ ಆಕಾರ. ಅಡುಗೆಮನೆಯ ಕಿಟಕಿಯಿಂದ ನೋಡಿದರಂತೂ ತಲೆ ಯಾವ ಕಡೆ, ಕಾಲು ಯಾವ ಕಡೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಹೋದ ವರ್ಷ ತೀರಿಕೊಂಡ ಹಿರಿಮಗಳು, ಕಾಯಿಲೆಯ ದಿನಗಳಲ್ಲಿ ಬಿಸಿಲು ಕಾಯಿಸುತ್ತ ಚಾಪೆ ಹಾಸಿಕೊಂಡು ಮಲಗುತ್ತಿದ್ದುದು ಅಲ್ಲೇ. ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನೆಲ ತಗ್ಗಾಗಿದೆ ಎಂದರು ಅಪ್ಪ. ಬುಟ್ಟಿಗಟ್ಟಲೆ ಮಣ್ಣು ಸುರಿದರು. ಅಲಗನ್ನು ಇನ್ನಷ್ಟು ಇಳಿಸಿದರು. ಸುತ್ತಲಿನ ಹುಲ್ಲೆಲ್ಲ ಬೋಳಾಗಿ, ಬೋಳಾದಲ್ಲಿ ಕಳೆ ಹುಟ್ಟಿ, ಹಿತ್ತಿಲು ಕಜ್ಜಿನಾಯಿಯ ಮೈಯಂತಾಯಿತು. ಆ ಆಕಾರ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ.

ಕೊನೆಗೆ ಅಪ್ಪ ಕಲ್ಲು ಹಾಸುವವನನ್ನು ಕರೆಸಿ ಅಳತೆ ತೆಗೆಸಿದರು. ಅವನು ಹೋದ ಮೇಲೆ ಅಮ್ಮ ಕಿರಿಮಗಳ ಪಕ್ಕ ಕೂತು ಸೊಪ್ಪು ಬಿಡಿಸುತ್ತ, ತಲೆಯೆತ್ತದೆ ಹೇಳಿದಳು:

“ಅವಳ ಮೇಲೆ ಕಲ್ಲು ಹಾಸ್ತಾರಂತೆ ಕಣೇ.”

ಕಿರಿಯವಳದು ಮಾತು ಕಡಿಮೆ. ಪಕ್ಕದ ಮನೆಯ ಅತ್ತೆ ಅವಳಿಗೆ ಮೌನಗೌರಿ ಎಂದೇ ಹೆಸರಿಟ್ಟಿದ್ದಳು. ಅಂಥವಳು ಅಂದು ಅಪ್ಪನೆದುರು ನಿಂತು, ಮಳೆಗಾಲ ಮುಗಿಯುವವರೆಗೆ ತಡೆಯಿರಿ, ಹುಲ್ಲಿನ ಬದಲು ಅಲಗಿಗೆ ಸಿಗದಷ್ಟು ಕುಳ್ಳಗಿನ ಕಾಡುಗಿಡ ಹಬ್ಬಿಸುತ್ತೇನೆ, ಎಲ್ಲ ಒಂದೇ ಮಟ್ಟಕ್ಕೆ ಬಂದರೆ ಯಾವ ಗುರುತೂ ಕಾಣುವುದಿಲ್ಲ ಎಂದಳು. ಅಪ್ಪನಿಗೆ ಗುರುತು ಅಳಿಯಬೇಕಿತ್ತು, ಅಮ್ಮನಿಗೆ ಉಳಿಯಬೇಕಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಕಲ್ಲಾದರೂ ತಪ್ಪಲಿ ಎಂದುಕೊಂಡಳು ಕಿರಿಯವಳು. ಅಪ್ಪ ಹೂಂ ಎಂದರು. ಗಿಡ ಹಿಡಿಯದಿದ್ದರೆ ಕಲ್ಲೇ ಎಂದೂ ಸೇರಿಸಿದರು.

ಆರಿಸುವುದು ಸಲೀಸಾಗಿರಲಿಲ್ಲ. ರಸ್ತೆಬದಿ, ಆಟದ ಬಯಲು, ಚರಂಡಿಯ ದಂಡೆ ಎಲ್ಲ ಅಲೆದು, ಜನ ತುಳಿದೂ ತುಳಿದೂ ಸಾಯದ ಗಿಡಗಳನ್ನೇ ಹುಡುಕಿದಳು. ತಂದದ್ದನ್ನು ನೆಲದ ಮೇಲಿಟ್ಟು ಅಲಗಿನ ಎತ್ತರಕ್ಕೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಕೈಗೆ ತಾಗಿದ್ದು ಅಲಗಿಗೂ ತಾಗಿತೆಂದೇ ಲೆಕ್ಕ. ತುಂಬೆ ಅಲ್ಲೇ ಸೋತಿತು. ಒಂದೆಲಗ ಗೆದ್ದರೂ ತೇವ ಬೇಡುವ ಗಿಡ, ನಲ್ಲಿಯ ಹತ್ತಿರಕ್ಕೆ ಸರಿ. ನೀಲಿ ಹೂವಿನ ವಿಷ್ಣುಕ್ರಾಂತಿಗೆ ಬಿಸಿಲಿನ ಅಂಚು ಒಗ್ಗಿತು. ನಡುವಿನ ಆ ಜಾಗದಲ್ಲಿ ಮಾತ್ರ ನೆಟ್ಟದ್ದೆಲ್ಲ ಬೆಳಗಾಗುವುದರೊಳಗೆ ಜಜ್ಜಿಹೋಗುತ್ತಿತ್ತು.

ಕೊನೆಗೆ ಹೊಳೆದದ್ದು ಮುಟ್ಟಿದರೆ ಮುನಿ. ಯಂತ್ರದ ಚಕ್ರದ ಅದುರಿಕೆಗೇ ಎಲೆ ಮಡಚಿ, ಕಡ್ಡಿ ಬಾಗಿಸಿ ನೆಲಕ್ಕಂಟುತ್ತದೆ. ಅಲಗು ದಾಟಿದ ಮೇಲೆ ಏನೂ ಆಗದವರ ಹಾಗೆ ಬಿಚ್ಚಿಕೊಳ್ಳುತ್ತದೆ. ಮೈಕೈಯೆಲ್ಲ ಮುಳ್ಳು ಗೀರಿಸಿಕೊಂಡು ಬುಟ್ಟಿ ತುಂಬ ಹೊತ್ತು ತಂದಳು. ಪಕ್ಕದ ಮನೆಯ ಅತ್ತೆ ಬೇಲಿಯಾಚೆಯಿಂದ ನೋಡಿ, “ಊರವರೆಲ್ಲ ಕಿತ್ತು ಬಿಸಾಕೋ ಕಳೇನ ಸೊಸೇನ ಕರೆದ ಹಾಗೆ ಮನೆ ತುಂಬಿಸ್ಕೊಳ್ತಿದ್ದೀಯಲ್ಲೇ, ಮೌನಗೌರಿ,” ಎಂದಳು. ಕಿರಿಯವಳಿಗೆ ನಗು ಬಂತು. ನಕ್ಕು ಎಷ್ಟೋ ಕಾಲವಾಗಿತ್ತು.

ಮಳೆ ಹಿಡಿದು ಬಿಡುವಷ್ಟರಲ್ಲಿ ಗಿಡ ಮನೆಯ ಮೆಟ್ಟಿಲವರೆಗೂ ಹಬ್ಬಿತು. ಆಕಾರ ಅಳಿಯಿತು. ಅಪ್ಪನಿಗೆ ಹೋದ ಜೀವ ಬಂದ ಹಾಗಾಯಿತು; ಸಂಜೆ ಹೊತ್ತು ಹಿತ್ತಿಲಲ್ಲಿ ಓಡಾಡತೊಡಗಿದರು. ಅಮ್ಮ ಕಿಟಕಿಯ ಹತ್ತಿರ ನಿಲ್ಲುವುದನ್ನು ಬಿಟ್ಟಳು. ಊಟವನ್ನೂ ಬಿಟ್ಟ ಹಾಗೇ. ಕಲ್ಲು ಹಾಸುವುದಕ್ಕೂ ತಾನು ಮಾಡಿದ್ದಕ್ಕೂ ಏನು ವ್ಯತ್ಯಾಸ ಎಂದು ಕಿರಿಯವಳಿಗೆ ಒಳಗೊಳಗೇ ಕಳವಳ.

ಆದರೆ ಅಲಗೊಂದನ್ನೇ ತಲೆಯಲ್ಲಿಟ್ಟುಕೊಂಡು ಆರಿಸಿದ್ದಳು ಅವಳು. ಆ ಗಿಡ ಇನ್ನು ಯಾರ್ಯಾರು ಸೋಕಿದರೆ ಮುದುಡೀತು ಎಂದು ಯೋಚಿಸಿರಲಿಲ್ಲ.

ಗಾಳಿಯಿಲ್ಲದ ಒಂದು ಬೆಳಗ್ಗೆ, ಗಿಡದ ನಡುವೆ ಎದ್ದ ಹುಲ್ಲು ಸವರಲು ಅಪ್ಪ ಯಂತ್ರ ಹೊರತಂದರು. ಇನ್ನೂ ಚಾಲೂ ಮಾಡಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಎಲೆಗಳು ಮಡಚಿಕೊಂಡವು, ಒಂದು ಪಾದದಗಲ. ಸ್ವಲ್ಪ ಬಿಟ್ಟು ಮುಂದೆ ಇನ್ನೊಂದು. ನಿಧಾನವಾಗಿ, ಸುಸ್ತಾದವರು ನಡೆಯುವ ಹಾಗೆ, ನಡುವಿನವರೆಗೆ. ಅಲ್ಲಿ ತುಸು ತಡೆದು, ಮೊಣಕಾಲು ಊರುವಷ್ಟು ಜಾಗ ಮುದುಡಿತು. ಆಮೇಲೆ ತೋಳು, ಸೊಂಟ. ಕೊನೆಗೆ ತಲೆ ಇಡುವಷ್ಟು. ಹಸಿರಿನ ನಡುವೆ ಅದೇ ಆಕಾರ, ಮೊದಲಿಗಿಂತ ಸ್ಪಷ್ಟವಾಗಿ.

ಕಿರಿಯವಳು, ಇನ್ನು ಕಲ್ಲೇ ಗತಿ ಎಂದುಕೊಂಡಳು. ಅಪ್ಪ ಯಂತ್ರದ ಹಿಡಿ ಬಿಡದೆ ನಿಂತಿದ್ದರು. ಅಮ್ಮ ಯಾವಾಗಲೋ ಬಂದು ಹಿಂದೆ ನಿಂತಿದ್ದಳು. ಅಪ್ಪ ತಿರುಗಿ ನೋಡದೆ, ಮಲಗಿದವರಿಗೆ ಎಚ್ಚರವಾಗದಂಥ ದನಿಯಲ್ಲಿ ಹೇಳಿದರು:

“ಅವಳು ಏಳಲಿ. ಆಮೇಲೆ ಯಂತ್ರ ಹೊಡೆದ್ರಾಯ್ತು.”

ಯಂತ್ರವನ್ನು ಗೋಡೆಗೆ ಆನಿಸಿ ಅಪ್ಪ ಮೆಟ್ಟಿಲ ಮೇಲೆ ಕುಳಿತರು. ಅಮ್ಮನೂ ಪಕ್ಕದಲ್ಲಿ ಕುಳಿತಳು. ಬಿಸಿಲೇರಿತು, ಎಲೆಗಳು ಬಿಚ್ಚಿಕೊಳ್ಳಲಿಲ್ಲ. ಯಾರಿಗೂ ಅವಸರವಿರಲಿಲ್ಲ.