ಉಸಿರಿಗೆ ತೆರೆದ ಬಾಗಿಲು

ನಾನು ಆ ಬೀಗಕ್ಕೆ ಬೆರಳನ್ನೂ ತಾಗಿಸಲಿಲ್ಲ. ಬಾಗಿಲ ಮುಂದೆ ಮಂಡಿಯೂರಿ ಕೂತು, ಬೀಗದ ಕೈ ಹಾಕುವ ಕಂಡಿಯ ಹತ್ತಿರ ಬಾಯಿ ಒಯ್ದು, ಬಿಸಿ ಚಹಾ ಆರಿಸಿಕೊಳ್ಳುವವನ ಹಾಗೆ ಮೆಲ್ಲಗೆ ಒಂದು ಸಲ ಊದಿದೆ. ಒಳಗೆ ಕಟಕ್ ಎಂದಿತು. ಕದ ತಾನಾಗಿಯೇ ಹಿಂದೆ ಸರಿದು, ದೊಡ್ಡವರು ಬಂದಾಗ ಎದ್ದು ನಿಲ್ಲುವವರ ಹಾಗೆ ಗೋಡೆಗೆ ಒತ್ತಿಕೊಂಡು ನಿಂತಿತು. ಉಸಿರಿನಿಂದ ಬೀಗ ತೆರೆದವನು ಈ ಭೂಮಿಯ ಮೇಲೆ ನಾನೊಬ್ಬನೇ.

"ಉಸಿರಿಗೇ ಬಾಗಿಲು ತೆರೆಯೋ ಹಾಗಿದ್ರೆ," ಎಂದಳು ನನ್ನ ಹೆಂಡತಿ ಬಡಿಸುತ್ತ, "ನಿಮ್ಮ ಗೊರಕೆಗೆ ಈ ಬೀದೀಲಿ ಒಂದು ಮನೆಯೂ ಭದ್ರವಾಗಿ ಉಳೀತಿರಲಿಲ್ಲ."

ಅಕ್ಕ ನಕ್ಕಳು. ಆದರೆ ನಾನು ನಗಿಸಬೇಕೆಂದುಕೊಂಡಿದ್ದದ್ದು ಭಾವನನ್ನು. ಅವರು ಒಂದು ತುತ್ತನ್ನು ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ತಳ್ಳುತ್ತ ಕೂತಿದ್ದರು. ತಮ್ಮ ಮನೆ ಬಿಟ್ಟು ನಮ್ಮಲ್ಲಿಗೆ ಬಂದಾಗಿನಿಂದ ಅವರ ಮಾತೆಲ್ಲ 'ಹ್ಞೂಂ', 'ಸಾಕು' ಎಂಬ ಎರಡು ಪದಗಳಲ್ಲೇ ಮುಗಿದುಹೋಗುತ್ತಿತ್ತು. ಅದಕ್ಕೇ ನಾನು ಆ ಭಾನುವಾರದ ಊಟದ ಹೊತ್ತಿನಲ್ಲಿ, ಅವರ ಮನೆಯ ಬಾಗಿಲನ್ನು ನಾನು ತೆರೆದ ಕಥೆಯನ್ನು ತಮಾಷೆ ಮಾಡಿ ಹೇಳಲು ಹೊರಟಿದ್ದೆ. ಎಂಥ ತಮಾಷೆ ನೋಡಿ.

ಬೀಗ ರಿಪೇರಿ ನನ್ನ ಕಸುಬು. ಎರಡು ದೊಡ್ಡ ಅಂಗಡಿಗಳ ಸಂದಿಯಲ್ಲಿ ನನ್ನದೊಂದು ಅಂಗಡಿ. ಒಳಗೆ ನಾನು ಉಸಿರೆಳೆದುಕೊಂಡರೆ ಗಿರಾಕಿ ರಸ್ತೆಯಲ್ಲಿ ನಿಲ್ಲಬೇಕು. ಆದರೆ ಹೆಸರು ಮಾತ್ರ ಅಂಗಡಿಯ ಸಾವಿರ ಪಾಲು ದೊಡ್ಡದು. ನಾನು ದಾರಿಯಲ್ಲಿ ನಡೆದುಹೋದರೆ ಅಕ್ಕಪಕ್ಕದ ಮನೆಗಳ ಬೀಗಗಳು ಹೆದರಿ ಸಡಿಲವಾಗುತ್ತವೆ. ಭಾವ ನನ್ನನ್ನು 'ಬೀಗದ ಸಾಹುಕಾರ' ಎಂದೇ ಕರೆಯುತ್ತಿದ್ದರು, ಮಾತಾಡುತ್ತಿದ್ದ ಕಾಲದಲ್ಲಿ.

ಭಾವ ಬಡಗಿ. ಪೀಠೋಪಕರಣದ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿಯಾಗಿದ್ದರು. ಅವರು ಮನೆ ಕಟ್ಟಿದ ಕಾಲದಲ್ಲಿ ಬ್ಯಾಂಕಿನವರು ಸಾಲ ಹಂಚುತ್ತಿದ್ದದ್ದು ಮದುವೆಮನೆಯಲ್ಲಿ ಎರಡನೇ ಸಲ ಬಡಿಸಲು ಬರುವವರ ಹಾಗೆ. ಸಾಕು ಎಂದು ಕೈ ಅಡ್ಡ ಹಿಡಿದವರ ತಟ್ಟೆಗೂ ಸುರಿದು ಮುಂದೆ ಹೋಗುತ್ತಿದ್ದರು. ಗೋಡೆ ಕಟ್ಟಿದ್ದು ಬೇರೆಯವರು, ಆದರೆ ಮುಂಬಾಗಿಲನ್ನು ಭಾವ ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಕಾರ್ಖಾನೆಯಿಂದ ಬಂದು ದಿನಾ ಸಂಜೆ ಕೂತು ಮಾಡಿದರು. ಒಂದು ಮೊಳೆಯಿಲ್ಲ ಅದರಲ್ಲಿ, ಮರಕ್ಕೆ ಮರವೇ ಕಚ್ಚಿಕೊಂಡು ನಿಂತಿದೆ. ಆ ಬಾಗಿಲು ಹಾಕಿದರೆ ಹೊರಗಿನ ಗುಡುಗೂ ಅನುಮತಿ ಕೇಳಿ ಒಳಗೆ ಬರುತ್ತಿತ್ತು.

ಬೀಗ ಕೂರಿಸಿದವನು ನಾನು. ನಮ್ಮ ಕಸುಬಿನಲ್ಲಿ ಒಂದು ರೀತಿಯಿದೆ. ಹೊಸ ಬೀಗ ಹಾಕಿದವನು ಅದರ ಕೈಗಳನ್ನೆಲ್ಲ ಮನೆಯವರ ಅಂಗೈಯಲ್ಲಿಟ್ಟು ಹೊರಗೆ ಬರಬೇಕು. ಅವರು ಒಳಗಿನಿಂದ ಹಾಕಿಕೊಂಡ ಮೇಲೆ ಬಾಗಿಲು ತಟ್ಟಬೇಕು. ಆ ಕ್ಷಣದಿಂದ ಅವನೂ ಎಲ್ಲರ ಹಾಗೆ ಹೊರಗಿನವನು. ಮೂರು ಕೈಗಳನ್ನು ಅಕ್ಕನಿಗೆ ಕೊಟ್ಟು ಹೊರಗೆ ಬಂದು ತಟ್ಟಿದೆ.

"ಯಾರು?" ಎಂದರು ಭಾವ ಒಳಗಿನಿಂದ, ದನಿ ಗಡುಸು ಮಾಡಿಕೊಂಡು.

"ಯಾರೋ ಬಡಪಾಯಿ."

"ಇಲ್ಲೇನೂ ಸಿಗಲ್ಲ, ಮುಂದಿನ ಮನೆಗೆ ಹೋಗಪ್ಪ."

ಬಾಗಿಲು ತೆರೆದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಎದೆಯುಬ್ಬಿಸಿ ಹೇಳಿದೆ: "ಭಾವಾ, ಈ ಬೀಗ ತೆರೆಯೋ ಗಂಡು ಇನ್ನೂ ಹುಟ್ಟಿಲ್ಲ. ಅಷ್ಟೇ ಯಾಕೆ, ನನ್ನಿಂದಲೂ ಆಗಲ್ಲ."

ಆಮೇಲಿನದನ್ನು ಯಾರ ತಲೆಗೆ ಕಟ್ಟುವುದು ಎಂಬುದರಲ್ಲಿ ನಮ್ಮ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಕೆಲಸ ಮೈಮೇಲೆ ಬೀಳುವಷ್ಟಿದ್ದ ವರ್ಷ ಭಾವ ಸ್ವಂತಕ್ಕೆ ಮರ ಕೊಯ್ಯುವ ಯಂತ್ರ ತರಬೇಕೆಂದು ಅದೇ ಮನೆಯ ಮೇಲೆ ಇನ್ನೊಂದು ಸಾಲ ತೆಗೆದರು. ಅಕ್ಕ ಬೇಡವೆಂದಳು, ಆಮೇಲೆ ಸಹಿ ಹಾಕಿದಳು. ಚಿಕ್ಕ ಯಂತ್ರವೊಂದನ್ನು ನೋಡಿ ಬಂದಿದ್ದ ಭಾವನಿಗೆ, "ತರೋದಾದ್ರೆ ದೊಡ್ಡದೇ ತನ್ನಿ ಭಾವಾ, ಬೀದಿಯೇ ನಿಂತು ನೋಡಬೇಕು," ಎಂದವನು ನಾನು. ಬೀದಿ ನಿಂತು ನೋಡಿತು ಕೂಡ. ಮರುವರ್ಷ ಪೇಟೆಗೆ ದೊಡ್ಡದೊಂದು ಮಳಿಗೆ ಬಂತು. ಒತ್ತಿ ಮಾಡಿದ ಹಲಗೆಯ ಬೀರು, ನಾಲ್ಕು ತಿರುಪು ಹಾಕಿದರೆ ಮಂಚ. ಕಾರ್ಖಾನೆ ಮೊದಲು ಅರ್ಧ ದಿನ ನಡೆಯಿತು, ಆಮೇಲೆ ಮುಚ್ಚಿತು. ಯಂತ್ರ ಹೊದಿಕೆ ಹೊದ್ದು ಮಲಗಿತು. ಬಡ್ಡಿ ಮಾತ್ರ ಎದ್ದು ಓಡಾಡುತ್ತಿತ್ತು. ಅದು ಏರುತ್ತದೆ ಎಂದು ಪತ್ರದಲ್ಲೇ ಬರೆದಿತ್ತಂತೆ. ಭಾವ ಒಂದು ವರ್ಷ ಯಾರಿಗೂ ಏನೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಡಬ್ಬಿ ಹಿಡಿದುಕೊಂಡು ಕೆಲಸಕ್ಕೆ ಹೋಗುವವರ ಹಾಗೆ ಹೊರಡುತ್ತಿದ್ದರು. ಆ ವರ್ಷ ಹೇಳಿದ್ದರೆ ಯಂತ್ರ ಮಾರಿ ಮನೆ ಉಳಿಸಿಕೊಳ್ಳಬಹುದಿತ್ತು ಎಂಬುದು ಅಕ್ಕನ ವಾದ. ಯಂತ್ರ ಕೊಳ್ಳುವವರಾದರೂ ಯಾರಿದ್ದರು, ಎಲ್ಲ ಬಡಗಿಗಳೂ ಮಾರುವವರೇ ಆಗಿದ್ದರು ಎಂಬುದು ನನ್ನದು.

ಆ ಕಾಲದಲ್ಲಿ ನನ್ನ ಅಂಗಡಿಗೆ ಮಾತ್ರ ಭರ್ತಿ ಕೆಲಸ. ಹೊಸ ಮನೆಗಳಿಗೆ ಬೀಗ ಹಾಕುತ್ತಿದ್ದವನು ಈಗ ಅವೇ ಮನೆಗಳ ಬೀಗ ತೆರೆಯುತ್ತಿದ್ದೆ. ಬ್ಯಾಂಕಿನವರು ಮನೆ ಜಪ್ತಿ ಮಾಡುವಾಗ ಹಳೆಯ ಬೀಗ ತೆಗೆದು ಹೊಸದು ಹಾಕಬೇಕಲ್ಲ. ನಾನು ತೆರೆದ ಮನೆಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಸಮುದ್ರದವರೆಗೆ ಒಂದು ಬೀದಿಯಾಗುತ್ತಿತ್ತು. ಒಂದು ದಿನ ಬ್ಯಾಂಕಿನ ವಸೂಲಿ ಅಧಿಕಾರಿ ಅಂಗಡಿಗೆ ಬಂದು ವಿಳಾಸ ಹೇಳಿದರು. ನಾನು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟೆ.

"ಅದು ನಮ್ಮ ಅಕ್ಕನ ಮನೆ ಸಾರ್."

ಅವರಿಗೆ ಗೊತ್ತಿರಲಿಲ್ಲ. ತೆಳ್ಳನೆಯ ಮನುಷ್ಯ, ಯಾವಾಗಲೂ ಜ್ವರದಿಂದ ಎದ್ದು ಬಂದವರ ಹಾಗಿರುತ್ತಿದ್ದರು. ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸಿಕೊಂಡರು. "ಅವರು ಬೀಗದ ಕೈ ಕೊಟ್ಟುಬಿಟ್ರೆ ನೀವು ಬರೋದೇ ಬೇಕಾಗಿಲ್ಲ. ಕೊಡಲ್ಲ ಅಂತಿದ್ದಾರೆ."

"ನೀವು ಸಾಲ ಕೊಡುವಾಗ ಅವರಿಗೆ ಸರಿಯಾಗಿ ಓದಿ ಹೇಳಬೇಕಿತ್ತು."

"ಸಹಿ ಹಾಕುವಾಗ ಅವರೂ ಕೇಳಬೇಕಿತ್ತು." ಜಗಳದ ದನಿಯಲ್ಲ, ಎಷ್ಟೋ ಅಂಗಡಿಗಳಲ್ಲಿ ಎಷ್ಟೋ ಸಲ ಆಡಿ ಸವೆದ ಮಾತು. "ಬಡ್ಡಿ ಏರಿಸಿದ್ದು ನಾನಲ್ಲ ಸ್ವಾಮಿ. ನನ್ನ ಮನೆ ಸಾಲದ್ದೂ ಏರಿದೆ. ನೀವು ಬರಲ್ಲ ಅಂದ್ರೆ ತಪ್ಪು ತಿಳ್ಕೊಳ್ಳಲ್ಲ. ಆದ್ರೆ ಬೇರೆಯವನನ್ನ ಕರೀಬೇಕಾಗುತ್ತೆ. ಅವನಿಗೆ ನಿಮ್ಮ ಹಾಗೆ ತಾಳ್ಮೆಯಿಲ್ಲ. ಬಾಗಿಲಿಗೇ ಡ್ರಿಲ್ ಇಡ್ತಾನೆ."

ಅದೇ ಸಂಜೆ ಅಕ್ಕನ ಮನೆಗೆ ಹೋದೆ. ಅರ್ಧ ಖಾಲಿಯಾದ ಕೋಣೆಯಲ್ಲಿ ಭಾವ ಹಲಗೆಪೆಟ್ಟಿಗೆಯ ಮೇಲೆ ಕೂತಿದ್ದರು.

"ಬೀಗದ ಕೈ ಕೊಟ್ಟುಬಿಡಿ ಭಾವಾ."

"ಸಾಲ ಮಾಡಿದ್ದು ನಾನು. ಇಲ್ಲ ಅನ್ನಲ್ಲ. ಮನೆ ಅವರದ್ದು, ತಗೊಳ್ಳಲಿ." ಅಂಗಿಯ ಜೇಬನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡರು. "ನನ್ನ ಕೈಯಿಂದ ಎತ್ತಿ ಕೊಡು ಅಂದ್ರೆ ಆಗಲ್ಲ. ನಾನು ಮಾರಿಲ್ಲ ಅದನ್ನ."

"ಹಾಗಾದ್ರೆ ಬಾಗಿಲು ಒಡೀತಾರೆ. ನೀವು ಮಾಡಿದ ಬಾಗಿಲು."

"ಒಡೆಯೋನು ಒಡೀಲಿ."

"ಒಡೆಯೋದೋ ತೆರೆಯೋದೋ, ಬರೋನು ನಾನೇ ಭಾವಾ. ಬೇರೆಯವನಿಗೆ ಬಿಡೋಕೆ ನನ್ನಿಂದ ಆಗಲಿಲ್ಲ."

ಭಾವ ನನ್ನನ್ನು ನೋಡಿದರು. ಅಡುಗೆಮನೆಯಲ್ಲಿ ಪಾತ್ರೆ ಕಟ್ಟುತ್ತಿದ್ದ ಅಕ್ಕನ ಸದ್ದು ನಿಂತುಹೋಯಿತು. ಅದೇ ಕೊನೆ, ಅಂದಿನಿಂದ ಭಾವ ಮಾತು ಬಿಟ್ಟರು.

ಜಪ್ತಿಯ ಹಿಂದಿನ ದಿನ ನಾನೇ ಗಾಡಿ ತಂದು ಉಳಿದ ಸಾಮಾನು ಸಾಗಿಸಿದೆ. ಭಾವ ಬಾಗಿಲು ಎಳೆದು, ಬೀಗ ತಿರುಗಿಸಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ಬೀದಿಯ ತಿರುವಿನವರೆಗೆ ಬಂದಿದ್ದೆವು. ಅಕ್ಕ ನಿಂತಳು.

"ಒಲೆ ಆರಿಸಿದ್ದೀನಾ ಇಲ್ವಾ ನೆನಪಾಗ್ತಿಲ್ಲ. ನೋಡಿ ಬಂದುಬಿಡ್ತೀನಿ. ನನ್ನ ಹತ್ರಾನೂ ಬೀಗದ ಕೈ ಇದೆ."

ಭಾವ ತಿರುಗಿ ನೋಡದೆ ನಿಂತರು. ಅವಳು ಹೋಗಿ ಬಂದಳು. ಬಂದಾಗ ಮುಖ ತೊಳೆದುಕೊಂಡಿದ್ದಳು. ನಾವು ಮುಂದೆ ನಡೆದೆವು.

ಮರುದಿನ ಬೆಳಿಗ್ಗೆ ಅಧಿಕಾರಿ, ಸಾಕ್ಷಿಗೆಂದು ಬಂದ ಇಬ್ಬರು, ನಾನು. ಅಧಿಕಾರಿ ಗೇಟಿನ ಹತ್ತಿರ ಫೋನಿನಲ್ಲಿ ಯಾರಿಗೋ ಮನೆಯ ಗುರುತು ಹೇಳುತ್ತಿದ್ದರು. ಸಾಕ್ಷಿಗಳು ಎದುರು ಮನೆಯ ನೆರಳಿನಲ್ಲಿ ನಿಂತಿದ್ದರು. ನಾನು ಚೀಲ ಬಿಚ್ಚಿ ಕೂತೆ. ಆಮೇಲೆ ಎಷ್ಟು ಹೊತ್ತು ಕೂತೆನೆಂದರೆ ಮೆಟ್ಟಿಲ ಮೇಲಿನ ನನ್ನ ನೆರಳು ಬೇಸತ್ತು ಎದ್ದು ಒಳಗೆ ಹೋಗಲು ನೋಡಿತು. ಅಧಿಕಾರಿ ಎರಡು ಸಲ ಬಂದು ವಿಚಾರಿಸಿದರು.

"ಇದು ನಾನೇ ಹಾಕಿದ ಬೀಗ ಸಾರ್. ಅಷ್ಟು ಸುಲಭಕ್ಕೆ ಮಾತು ಕೇಳಲ್ಲ," ಎಂದೆ.

ಆಮೇಲೆ ಊದಿದೆ. ಆಗ ಕಟಕ್ ಎಂದಿತು. ಅಧಿಕಾರಿ ಒಳಗೆ ಹೋದರು, ಕೋಣೆ ಕೋಣೆ ನೋಡಿದರು, ಫೋಟೋ ತೆಗೆದರು. ನಾನು ಹಳೆಯ ಬೀಗ ಬಿಚ್ಚಿ ಹೊಸದು ಕೂರಿಸಿದೆ. ಅದರ ಕೈಗಳನ್ನು ಅವರ ಅಂಗೈಯಲ್ಲಿಟ್ಟೆ. ರೀತಿಯ ಪ್ರಕಾರ ಹೊರಗೆ ನಿಂತು ತಟ್ಟಬೇಕಿತ್ತು. ಒಳಗೆ ಯಾರೂ ಇರಲಿಲ್ಲ.

ಈ ಕೊನೆಯ ಸಂಗತಿಗಳನ್ನು ಊಟದ ಹೊತ್ತಿನಲ್ಲಿ ಹೇಳಲಿಲ್ಲ. ಊದಿದ್ದಕ್ಕೆ ಇನ್ನಷ್ಟು ಬಣ್ಣ ಕಟ್ಟಿದೆ, ಅಷ್ಟೇ: ಅಧಿಕಾರಿಯ ಕನ್ನಡಕ ಹಾರಿಹೋಯಿತು, ಎದುರು ಮನೆಯವರ ಒಗೆದ ಬಟ್ಟೆ ಮೂರು ಬೀದಿಯಾಚೆ ಬಿತ್ತು. ಅಕ್ಕ ಇನ್ನೊಮ್ಮೆ ನಕ್ಕಳು. ಭಾವ ತಟ್ಟೆಯನ್ನು ಮುಂದಕ್ಕೆ ಸರಿಸಿದರು.

"ಒಂದು ಕೇಳಲಾ?"

ಮೂವರೂ ಅವರತ್ತ ತಿರುಗಿದೆವು. ಬಡಿಸುವ ಸೌಟು ಹೆಂಡತಿಯ ಕೈಯಲ್ಲೇ ನಿಂತಿತು.

"ಬೀಗ ಹಾಕಿದ ದಿನ ನೀನು ಹೇಳಿದೆ, ನಿನ್ನಿಂದಲೂ ತೆರೆಯೋಕಾಗಲ್ಲ ಅಂತ. ನಾನು ಅದನ್ನ ನಂಬಿಕೊಂಡಿದ್ದೆ. ನಗಬೇಡ, ನಂಬಿದ್ದೆ. ನೀನು ಬಂದರೂ ತೆರೆಯಲ್ಲ ಅಂತ ಅಂದುಕೊಂಡು ಆ ಬೆಳಿಗ್ಗೆಯೆಲ್ಲ ಇಲ್ಲಿ ಕೂತಿದ್ದೆ." ಒಂದು ಗುಟುಕು ನೀರು ಕುಡಿದರು. "ಈಗ ಊದಿದೆ ಅಂತೀಯ. ಎರಡರಲ್ಲಿ ಒಂದು ಸುಳ್ಳು. ಯಾವುದು?"

ನನ್ನ ಹತ್ತಿರ ಉತ್ತರಕ್ಕೆ ಬರವೆಂಬುದು ಹುಟ್ಟಿದಾಗಿನಿಂದ ಇಲ್ಲ. ಅಕ್ಕನ ಕಡೆ ನೋಡಿದೆ. ಅವಳು ನೀರಿನ ಲೋಟದೊಳಗೆ ನೋಡುತ್ತಿದ್ದಳು.

"ಎರಡೂ ಸುಳ್ಳು ಭಾವಾ."

"ಅಂದ್ರೆ?"

"ಅದು ಮಾಮೂಲಿ ಬೀಗ. ಪೇಟೇಲಿ ರಾಶಿ ಬಿದ್ದಿರುತ್ತೆ. ಕೆಲಸ ಕಲಿಯೋ ಹುಡುಗರೂ ತೆರೀತಾರೆ. ನಾನು ಸುಮ್ನೆ ಹೇಳಿದ್ದೆ." ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಆದ್ರೆ ಅದನ್ನೂ ನಾನು ತೆರೆದಿಲ್ಲ. ಖಾಲಿ ಮನೆ ಆದ್ರೂ ಮೊದಲು ತಟ್ಟಬೇಕಲ್ಲ, ತಟ್ಟಿದೆ. ನೀವು 'ಯಾರು' ಅಂತೀರೇನೋ ಅಂತ ಒಂದು ಕ್ಷಣ ಕಾದೆ. ಬಾಗಿಲು ಕೈಗೆ ಜಾರಿ ಒಳಕ್ಕೆ ಹೋಯ್ತು. ಬೀಗ ಹಾಕಿರಲೇ ಇಲ್ಲ. ಸುಮ್ನೆ ಎಳೆದಿಟ್ಟಿದ್ರು."

ಹೆಂಡತಿ ಸೌಟನ್ನು ಪಾತ್ರೆಗಿಳಿಸಿದಳು.

"ಯಾರೂ ನೋಡಲಿಲ್ಲ. ತಿರುಗಿ ಎಳೆದುಕೊಂಡೆ. ಸಲಕರಣೆ ಹರಡಿಕೊಂಡು ಕೂತೆ. ಹಾಕದೇ ಇರೋ ಬೀಗದ ಮುಂದೆ ಅಷ್ಟು ಹೊತ್ತು ಕೂತಿದ್ದೆ ಭಾವಾ. ಒಳಗೆ ಹೋಗೋಕೆ ಆಗಲಿಲ್ಲ."

ಭಾವ ಅಕ್ಕನ ಕಡೆ ತಿರುಗಲಿಲ್ಲ. ಮೇಜಿನ ಮರದ ಗೆರೆಯ ಮೇಲೆ ಉಗುರು ಎಳೆಯುತ್ತ, ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: "ಸಿಲಿಂಡರನ್ನ ಅದಕ್ಕೂ ಮೊದಲಿನ ವಾರವೇ ಮಾರಿದ್ವಿ. ಒಲೆ ಎಲ್ಲಿತ್ತು ಆರಿಸೋಕೆ."

ಅಕ್ಕ ಲೋಟ ಕೆಳಗಿಟ್ಟಳು. ಭಾವ ಅಂಗಿಯ ಜೇಬಿನಿಂದ ಆ ಬೀಗದ ಕೈ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟರು. ಅಕ್ಕ ಎದ್ದು ಒಳಗೆ ಹೋಗಿ, ತನ್ನದನ್ನು ತಂದು ಅದರ ಪಕ್ಕಕ್ಕಿಟ್ಟಳು. ಮೂರನೆಯದು ನನ್ನ ಹತ್ತಿರ ಇತ್ತು. ಆ ಮನೆಯ ಒಳಗೋಡೆಯ ಮೊಳೆಗೆ ತೂಗುತ್ತಿದ್ದದ್ದನ್ನು ಅಧಿಕಾರಿ ನೋಡುವ ಮೊದಲೇ ಜೇಬಿಗಿಳಿಸಿದ್ದೆ. ಅದನ್ನೂ ಇಟ್ಟೆ.

"ಇನ್ನು ಸ್ವಲ್ಪ ಬಡಿಸಮ್ಮ," ಎಂದರು ಭಾವ.

ಊಟ ಮುಗಿದು, ಪಾತ್ರೆಗಳೆಲ್ಲ ಒಳಗೆ ಹೋದ ಮೇಲೆ ಹೆಂಡತಿ ಒದ್ದೆ ಬಟ್ಟೆ ತಂದು ಮೇಜು ಒರೆಸಿದಳು. ಆ ಮೂರು ಬೀಗದ ಕೈಗಳಿದ್ದ ಜಾಗವನ್ನು ಬಿಟ್ಟು, ಅದರ ಸುತ್ತ ಒರೆಸಿದಳು.