ಗಂಧಕದ ಉಂಗುರ

ಯಶೋಧರಾಳ ಅಪ್ಪ ಗುರಣ್ಣನಿಗೆ ಬಿಪಿಗಿಂತ ಹೆಮ್ಮೆಯೇ ಜಾಸ್ತಿ ಏರಿತ್ತು. ಮಗಳು ಹೈದರಾಬಾದಿನ ಔಷಧ ಕಂಪನಿಯಲ್ಲಿ ಬಿಪಿಗೆ ಹೊಸ ಗುಳಿಗೆ ಮಾಡುತ್ತಿದ್ದಾಳೆಂದು ತನ್ನೂರು ಇಜೇರಿಯಲ್ಲಿ ಅವನು ಸಾರದ ಕಟ್ಟೆಯಿಲ್ಲ. ಹೊಸ ಜೋಳದ ಮೊದಲ ರೊಟ್ಟಿ ಬೆಳೆದವರ ಬಾಯಿಗೇ ಬೀಳಬೇಕೆಂಬುದು ಆ ಮನೆಯ ರೂಢಿ. ಗುಳಿಗೆಗೂ ಅದೇ ರೂಢಿ ಹಚ್ಚಿದ ಮಹಾರಾಯ, ದವಾಖಾನೆಯ ಗುಳಿಗೆ ನುಂಗುವುದನ್ನೇ ಬಿಟ್ಟಿದ್ದ. "ಮಗಳದು ಬರೋತನಕ ತಡಿ ಬೇ," ಎಂದು ಹೆಂಡತಿ ಸಾಬವ್ವನ ಬಾಯಿ ಮುಚ್ಚಿಸುತ್ತಿದ್ದ.

ಅಂಗಳದಲ್ಲಿ ಅವನು ತಲೆ ತಿರುಗಿ ಬಿದ್ದ ದಿನ ಸಾಬವ್ವ ಫೋನು ಹಚ್ಚಿ ಮಗಳಿಗೆ ಎಲ್ಲ ಹೇಳಿದಳು. ಯಶೋಧರಾಳ ಗುಳಿಗೆಯನ್ನು ಕಂಪನಿ ಕೈಬಿಟ್ಟಾಗಿತ್ತು. ಅಪ್ಪನಿಗೆ ಹೇಳಲು ಬಾಯಿ ಬಂದಿರಲಿಲ್ಲ. ಇನ್ನೂ ಮುಚ್ಚಿಟ್ಟರೆ ಅಪ್ಪನೇ ಉಳಿಯುವುದಿಲ್ಲವೆಂದು ಹೆದರಿ, ದವಾಖಾನೆಯ ಗುಳಿಗೆಯನ್ನೇ ತೆಗೆದುಕೊಂಡು ಊರಿಗೆ ಬಂದಳು.

"ಅಪ್ಪಾ, ನನ್ನ ಗುಳಿಗಿ ಇನ್ನ ಬರಂಗಿಲ್ಲ. ಈ ದವಾಖಾನಿ ಗುಳಿಗಿನ ಛಲೋ ಅದ, ನುಂಗು."

"ಯಾಕ? ಬಿಪಿ ಇಳಸಲಿಲ್ಲೇನು?"

"ಛಲೋ ಇಳಸ್ತಿತ್ತು. ಅದರ ಅಣುವಿನಾಗ ಗಂಧಕದ ಒಂದು ಉಂಗುರ ಅದ. ರಕ್ತನಾಳ ಸಡ್ಲ ಮಾಡೋದು ಆ ಉಂಗುರನ. ಆದ್ರ ಲಿವರಿನಾಗ ಹೋಗಿ ಆ ಉಂಗುರ ಒಡೀತದ. ಒಡದ ತುದಿ ಜಾಲಿಮುಳ್ಳ ಮುರದಂಗ ಅಲ್ಲೇ ಚುಚ್ಚಿ ಕೂಡ್ತದ. ಗುಳಿಗಿ ತಿನ್ನಿಸಿ ನೋಡಿದ ಇಲಿಗಳ ಲಿವರ್ ಪೂರಾ ಕೆಟ್ಟು ಹೋತು."

"ಆ ಉಂಗುರ ತಗದು ಒಗೀಬೇಕಿತ್ತು."

"ತಗದೂ ನೋಡಿದ್ವಿ. ಅದನ್ನ ತಗದ್ರ ಬಿಪಿ ಇಳಿಯಂಗಿಲ್ಲಪ್ಪಾ."

ಹೊಟ್ಟೆಕಿಚ್ಚಿನ ಮಂದಿ ಯಾರೋ ಮಗಳ ಕೆಲಸಕ್ಕೆ ಕಲ್ಲು ಹಾಕಿದ್ದಾರೆಂದೇ ಗುರಣ್ಣನ ಎಣಿಕೆ.

"ಯಾವಾಂವ ಹಿಡದಾಂವ ಈ ತಪ್ಪು?" ಎಂದು ಗುಡುಗಿದ.

"ನಾನ ಹಿಡದೇನಿ. ಮೊದಲ ನನಗಷ್ಟ ಗೊತ್ತಾಗಿತ್ತು. ನಾನ ಹೋಗಿ ಸಾಹೇಬರಿಗೆ ಹೇಳೇನಿ."

ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಒತ್ತರಿಸಿ ಬಂತು. ಹರೆಯದ ವರ್ಷಗಳನ್ನೆಲ್ಲ ಆ ಗುಳಿಗೆಗೆ ಸುರಿದವಳು, ಕಂಪನಿಯಲ್ಲಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅಪ್ಪನ ಮುಂದೆ ತಡೆಯಲಾಗಲಿಲ್ಲ. ಸೋತು ಬಂದ ಮಗಳನ್ನು ಅಪ್ಪ ಹೇಗೆ ನೋಡುತ್ತಾನೋ ಎಂದು ತಲೆಯೆತ್ತದೆ ಕುಳಿತಳು.

ಗುರಣ್ಣ ಅಂಗೈ ಚಾಚಿದ.

"ತಾ ಇಲ್ಲಿ ಆ ದವಾಖಾನಿ ಗುಳಿಗಿ. ತನ್ನ ಮಾಲು ಖೋಟಾ ಅಂತ ತಾನ ಹೇಳಿ ಬಂದಾಕಿ, ಮಂದಿ ಮಾಲು ಛಲೋ ಅದ ಅಂದ್ರ, ನಂಬದ ಏನ ಮಾಡ್ಲಿ?"

ಸಾಬವ್ವ ನೀರು ತರುವಷ್ಟರಲ್ಲಿ ಗುಳಿಗೆ ಅವನ ಬಾಯಲ್ಲಿತ್ತು.