ಆಣೆಗೆ ಕೊಟ್ಟ ತಲೆ

ಧರ್ಮಪುರದ ಹೈಸ್ಕೂಲಿನಲ್ಲಿ ಕಸ ಗುಡಿಸುವ ಬರಗೇರಮ್ಮ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಳು. ಒಳಗೆ ಮೇಷ್ಟ್ರು ಗ್ರೀಕರ ಕಥೆ ಹೇಳುತ್ತಿದ್ದರು. ದೇವತೆಗಳ ಯುದ್ಧಕ್ಕೆ ಸ್ಟಿಕ್ಸ್ ಎಂಬ ದೇವಿ ಎಲ್ಲರಿಗಿಂತ ಮೊದಲು ತನ್ನ ಮಕ್ಕಳನ್ನು ಒಪ್ಪಿಸಿದಳಂತೆ. ಮೆಚ್ಚಿದ ದೇವರಾಜ, ಇನ್ನು ದೇವತೆಗಳೆಲ್ಲ ಅವಳ ಮೇಲೇ ಆಣೆ ಇಡಬೇಕೆಂದನಂತೆ.

ಬರಗೇರಮ್ಮನ ಒಬ್ಬನೇ ಮಗ ಎಪ್ಪತ್ತೊಂದರ ಯುದ್ಧದಲ್ಲಿ ಸತ್ತಿದ್ದ. ಅಂದಿನಿಂದ ಊರಿನ ನ್ಯಾಯದಲ್ಲಿ ಆಣೆಯೆಂದರೆ ಅವಳ ತಲೆ ಮುಟ್ಟಿಯೇ. ನಿನ್ನೆ ಗೌಡನೂ ಮುಟ್ಟಿ, ಕೆಂಚಕ್ಕನ ಹೊಲದ ಗಡಿಕಲ್ಲು ಕಿತ್ತವನು ತಾನಲ್ಲ ಎಂದಿದ್ದ. ಅವನೇ ಕೀಳುವುದನ್ನು ಬರಗೇರಮ್ಮ ಕಣ್ಣಾರೆ ಕಂಡಿದ್ದಳು.

“ಸುಳ್ಳಾಣೆ ಮಾಡಿದ್ರೆ, ಮೇಷ್ಟ್ರೇ?” ಎಂದು ಕೇಳಿದಳು.

“ದೇವ್ರಾದ್ರೂ ಒಂದು ವರ್ಷ ಉಸಿರಿಲ್ದೆ ಬಿದ್ದಿರ್ತಾನಮ್ಮ.”

“ನಮ್ಮ ಗೌಡ್ರು ಗುಂಡುಕಲ್ಲಿನಂಗವ್ರೆ, ಸ್ವಾಮಿ. ನಾಳೆ ಮತ್ತೆ ತಲೆ ಕೊಡಾಕೆ ಬಾ ಅಂದವ್ರೆ.”